ತೆರೆಯ ಮೇಲೂ ತಾಯಿ, ಊರಿಗೂ ತಾಯಿ

ಸೋದರಿಯರೇ, ನಡುರಾತ್ರಿ ಮಗುವಿನ ಮೈ ಜ್ವರದಿಂದ ಕೆಂಡವಾದಾಗ ನಿಮಗೆ ಮೊದಲು ಹೊಳೆಯುವುದೇನು? ‘ಡಾಕ್ಟರು ಎಷ್ಟು ದೂರ?’ ಎಂಬುದೇ ಅಲ್ಲವೇ? ಮಾಗಡಿ ರಸ್ತೆಯ ನಮ್ಮ ಸುಂಕದಕಟ್ಟೆಯಲ್ಲಿ ಈಗ ಆ ಚಿಂತೆ ಅಷ್ಟಿಲ್ಲ. ರಸ್ತೆಗೆ ಬಂದರೆ ಆಟೋ, ನಾಲ್ಕು ಹೆಜ್ಜೆಗೊಂದು ದವಾಖಾನೆ. ಆದರೆ ಪಟ್ಟಣದ ಅಂಚು ದಾಟಿದರೆ ಮಾತೇ ಬೇರೆ. ಮಗುವನ್ನು ಸೊಂಟಕ್ಕೇರಿಸಿಕೊಂಡು ಬಸ್ಸಿಗೆ ಕಾದ ತಾಯಂದಿರಿಗೇ ಆ ಕಷ್ಟ ಗೊತ್ತು.

ಆ ಕಷ್ಟವನ್ನು ಕಣ್ಣಾರೆ ಕಂಡು ಸುಮ್ಮನಿರಲಾರದೆ ಹೋದವರೊಬ್ಬರ ಕಥೆ ಕೇಳಿ. ಅವರನ್ನು ನೀವೆಲ್ಲ ಬಲ್ಲಿರಿ. ನಟಿ ಲೀಲಾವತಿ!

‘ರಣಧೀರ ಕಂಠೀರವ’ (1960), ‘ಮನ ಮೆಚ್ಚಿದ ಮಡದಿ’ (1963), ‘ಸಂತ ತುಕಾರಾಂ’ (1963) ಚಿತ್ರಗಳಲ್ಲಿ ರಾಜ್‌ಕುಮಾರರ ಜೊತೆಗೆ ಅವರನ್ನು ಕಂಡವರು ಮರೆತಾರೆಯೇ? ಪುಟ್ಟಣ್ಣನವರ ‘ಗೆಜ್ಜೆಪೂಜೆ’ಯಲ್ಲಿ (1969) ಕಣ್ಣೊರೆಸಿಕೊಳ್ಳದೆ ಎದ್ದು ಬಂದವರುಂಟೇ? ನಾಯಕಿಯಾಗಿ, ಆಮೇಲೆ ಅಮ್ಮನಾಗಿ, ಅತ್ತೆಯಾಗಿ ಹಲವು ಭಾಷೆಗಳಲ್ಲಿ ಆರುನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದವರು ಅವರು.

ಆದರೆ ಬಾಳೇನೂ ಹೂವಿನ ಹಾಸಿಗೆಯಾಗಿರಲಿಲ್ಲ. ಹುಟ್ಟಿದ್ದು ಬೆಳ್ತಂಗಡಿಯಲ್ಲಿ. ಎಳೆಯ ವಯಸ್ಸಿಗೇ ಅಪ್ಪ ಅಮ್ಮನನ್ನು ಕಳಕೊಂಡರು. ಹೊಟ್ಟೆಪಾಡಿಗೆ ಮೈಸೂರಿನಲ್ಲಿ ಪರರ ಮನೆಗೆಲಸ ಮಾಡಿದರು, ನಾಟಕದ ಕಂಪನಿ ಸೇರಿದರು. ಇಲ್ಲದವರ ಸಂಕಟ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮುಂದೆ ಅವರು ಮಗ ವಿನೋದ್ ರಾಜ್ ಜೊತೆ ನೆಲಮಂಗಲ ತಾಲ್ಲೂಕಿನ ಸೋಲದೇವನಹಳ್ಳಿಯಲ್ಲಿ ನೆಲೆಸಿ ತೋಟ ಮಾಡಿದರು. ಸಿನಿಮಾದ ಮಿನುಗು ಬಿಟ್ಟು ಮಣ್ಣಿನ ಕೆಲಸ! ಅಲ್ಲಿನ ಜನಕ್ಕಾಗಿ, ಚೆನ್ನೈನಲ್ಲಿದ್ದ ತಮ್ಮ ಜಮೀನನ್ನು ಮಾರಿ ಆಸ್ಪತ್ರೆ ಕಟ್ಟಿಸಿಕೊಟ್ಟರು. ಒಂದು ಸರ ಅಡವಿಡಬೇಕಾದರೂ ನಮ್ಮ ಕರುಳು ಚುರ್ ಎನ್ನುತ್ತದೆ. ಅವರದು ದುಡಿದು ಕೂಡಿಟ್ಟ ಆಸ್ತಿ.

ಅಷ್ಟಕ್ಕೇ ನಿಲ್ಲಲಿಲ್ಲ. ಮೂಕಪ್ರಾಣಿಗಳಿಗೂ ಒಂದು ಆಸ್ಪತ್ರೆ ಬೇಕೆಂದರು. ಹಸು ಮಲಗಿತೆಂದರೆ ಮಕ್ಕಳ ಸ್ಕೂಲ್ ಫೀಸೂ ಮಲಗಿತೆಂದೇ ಲೆಕ್ಕ ಎಂಬುದು ಡೇರಿಗೆ ಹಾಲು ಹಾಕುವ ಮನೆಯವರಿಗೆ ಚೆನ್ನಾಗಿ ಗೊತ್ತು. ಪಶು ಆಸ್ಪತ್ರೆಯೂ ಎದ್ದಿತು. 2023ರ ನವೆಂಬರ್ ಕೊನೆಯಲ್ಲಿ ಅದರ ಉದ್ಘಾಟನೆಯಾದಾಗ ಅವರ ಆರೋಗ್ಯ ತೀರಾ ಕೆಟ್ಟಿತ್ತು. ಡಿಸೆಂಬರ್ 8ರಂದು ಕಣ್ಣು ಮುಚ್ಚಿದರು. ಮಣ್ಣಾದದ್ದೂ ಅದೇ ತೋಟದಲ್ಲಿ.

‘ಅವರಿಗಿತ್ತು, ಮಾಡಿದರು. ನಮ್ಮ ಕೈಲೇನಾಗತ್ತೆ?’ ಅಂತೀರಾ? ಆಸ್ಪತ್ರೆ ಕಟ್ಟಿಸೋದು ಬೇಡಮ್ಮ. ಪಕ್ಕದ ಮನೆಯ ಬಸುರಿಗೆ ತಿಂಗಳ ತಪಾಸಣೆಗೆ ಜೊತೆಯಾಗಿ ಹೋಗಿ. ಒಂಟಿ ಅಜ್ಜಿಯ ಮಾತ್ರೆ ಮುಗಿದಿದೆಯೇ ಎಂದು ವಾರಕ್ಕೊಮ್ಮೆ ಕೇಳಿ. ಆಂಬುಲೆನ್ಸಿಗೆ 108, ದನಕರುಗಳಿಗೆ 1962 – ಈ ಎರಡು ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಡಿ, ಓದಲು ಬಾರದ ನೆರೆಯವರಿಗೆ ಬಾಯಿಪಾಠ ಮಾಡಿಸಿ.

ಇನ್ನೊಮ್ಮೆ ಟೀವಿಯಲ್ಲಿ ಲೀಲಾವತಿಯವರ ಚಿತ್ರ ಬಂದಾಗ ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಈ ಕಥೆಯನ್ನೂ ಹೇಳಿ. ಹೇಳ್ತೀರಲ್ಲ?