ಸ್ಪೋರ್ಟ್ಸ್ ಕಾರು: ಬೆಲೆಯಷ್ಟೇ ಅಲ್ಲ, ತೆರಿಗೆಯೂ ಭಾರ

ಬೆಂಗಳೂರು: ಕೋಟಿ ರೂಪಾಯಿಯ ಸ್ಪೋರ್ಟ್ಸ್ ಕಾರು ಕೊಳ್ಳಬಯಸುವವರು ಷೋರೂಂ ಬೆಲೆಯನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ರಾಜ್ಯದಲ್ಲಿ 20 ಲಕ್ಷ ರೂಪಾಯಿ ಮೀರಿದ ಪೆಟ್ರೋಲ್ ಕಾರಿಗೆ ಬೆಲೆಯ ಶೇ 18ರಷ್ಟು ಜೀವಾವಧಿ ತೆರಿಗೆ, ಆ ತೆರಿಗೆಯ ಮೇಲೆ ಸೆಸ್ ತೆರಬೇಕು. ಅಂದರೆ ಒಂದು ಕೋಟಿಯ ಕಾರಿಗೆ ಸೆಸ್ ಬಿಟ್ಟು ತೆರಿಗೆಯೇ 18 ಲಕ್ಷ ರೂಪಾಯಿ.

ಈ ಹೊರೆ ತಪ್ಪಿಸಿಕೊಳ್ಳಲು ಕೆಲವರು ತೆರಿಗೆ ಕಡಿಮೆ ಇರುವ ಪುದುಚೇರಿಯಂತಹ ಕಡೆ ನೋಂದಣಿ ಮಾಡಿಸಿ, ಕಾರನ್ನು ಬೆಂಗಳೂರಿನಲ್ಲಿ ಓಡಿಸುವುದುಂಟು. ಆದರೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ, ಹೊರ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇದ್ದರೆ ಹೊಸ ನೋಂದಣಿ ಸಂಖ್ಯೆ ಪಡೆಯುವುದು ಕಡ್ಡಾಯ. ಅದರೊಂದಿಗೆ ಇಲ್ಲಿನ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ.

2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ನಗರದಲ್ಲಿ ಇಂತಹ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತ್ತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿ ಕಾರೊಂದರ ಮಾಲೀಕರು ಸುಮಾರು 1.42 ಕೋಟಿ ರೂಪಾಯಿ ಪಾವತಿಸಬೇಕಾಯಿತು.

ಹೊರ ರಾಜ್ಯದಲ್ಲಿ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯಲು ಮತ್ತೆ ಅಲ್ಲಿನ ಕಚೇರಿಗೆ ಅಲೆಯಬೇಕು. ಆದ್ದರಿಂದ ಕಾರು ಓಡುವ ಊರಿನಲ್ಲೇ ನೋಂದಣಿ ಮಾಡಿಸುವುದು ಕೊನೆಗೆ ಲಾಭದಾಯಕ.