ಒಂದೂವರೆ ಇಂಚಿನ ಎರಡು ಅಳತೆ

ಕಡೂರಿನ ತೆಂಗಿನ ತೋಟಗಳಿಂದ, ಅಜ್ಜಂಪುರದ ಈರುಳ್ಳಿ ಹೊಲಗಳಿಂದ ಹೊರಟು ತರೀಕೆರೆಯ ಅಡಿಕೆ ಸೀಮೆಯನ್ನು ದಾಟಿ, 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ಏರುವ ದಾರಿಗಳಲ್ಲಿ ಜೀಪು ಸುಲಭಕ್ಕೆ ಗುಜರಿ ಸೇರದ ವಾಹನ. 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಜೋಡಿಸಲಾರಂಭಿಸಿದ ಮಹೀಂದ್ರಾ ಕಂಪನಿಯು ಮುಂದೆ ಅದೇ ಬಗೆಯ ಮೈಯೊಳಗೆ ಪ್ಯೂಜೋ ಮೂಲದ ಡೀಸೆಲ್ ಎಂಜಿನನ್ನು ಕೂರಿಸಿತು. ಕಂಪನಿ ಮಾಡಿದ್ದನ್ನು ಗ್ಯಾರೇಜುಗಳೂ ಮಾಡಿದವು. ಹೀಗೆ ಚಾಸಿ ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಾಲದ್ದು, ಗೇರ್‌ಬಾಕ್ಸ್ ಮತ್ತೊಂದು ಗಾಡಿಯದ್ದು ಆಗಿರುವ ಜೀಪೇ ಮಲೆನಾಡಿನ ಅಂಚಿನಲ್ಲಿ ‘ಮನೆಯಲ್ಲಿ ಕಟ್ಟಿದ ಕಾರಿ’ಗೆ ಅತ್ಯಂತ ಹತ್ತಿರದ ಮಾದರಿ ಎನ್ನಬಹುದು. ಇಂಥ ಗಾಡಿಯಲ್ಲಿ ಎಂಜಿನನ್ನು ಕೂರಿಸುವುದಕ್ಕೆ ಸಿಗುವ ಗಮನ, ಅದರ ಹೊಗೆಯನ್ನು ಹೊರಗೆ ಒಯ್ಯುವ ಕೊಳವೆಗೆ ಸಿಗುವುದು ಅಪರೂಪ.

ಎಂಜಿನ್ನಿನ ಸಿಲಿಂಡರುಗಳಿಂದ ಹೊರಬರುವ ಬಿಸಿ ಅನಿಲವನ್ನು ಒಟ್ಟುಗೂಡಿಸುವ ಎರಕದ ಭಾಗಕ್ಕೆ ಮ್ಯಾನಿಫೋಲ್ಡ್ ಎನ್ನುತ್ತಾರೆ. ಅದರ ಬಾಯಿಗೆ ಬೋಲ್ಟ್ ಹಾಕಿ ಬಿಗಿಯುವ ಚಪ್ಪಟೆ ಬಿಲ್ಲೆ ಫ್ಲ್ಯಾಂಜ್, ಎರಡು ಫ್ಲ್ಯಾಂಜುಗಳ ನಡುವೆ ಕೂರುವ ಶಾಖ ತಾಳುವ ಪಟ್ಟಿ ಗ್ಯಾಸ್ಕೆಟ್. ಅಲ್ಲಿಂದ ಇಳಿಯುವ ಪೈಪು ಸೈಲೆನ್ಸರಿಗೂ ಅದರಿಂದಾಚೆ ಬಾಲದ ಪೈಪಿಗೂ ಸೇರುತ್ತದೆ. ಎಂಜಿನ್ ಬದಲಾದಾಗ ಮೊದಲ ತುಂಡು ಹೊಸ ಎಂಜಿನ್ನಿನದ್ದಾಗಿ, ಕೊನೆಯ ತುಂಡು ಹಳೆಯ ಚಾಸಿಯದ್ದಾಗಿ ಉಳಿಯುವುದರಿಂದ ಇವೆರಡರ ನಡುವಿನ ಒಂದು ಮೊಳ ಜಾಗದಲ್ಲಿ ಎಲ್ಲ ತಕರಾರೂ ಬಂದು ಸೇರುತ್ತದೆ.

ಆ ಜಾಗವನ್ನು ತುಂಬಲು ತೋಟದ ಮೂಲೆಯಲ್ಲಿ ಬಿದ್ದಿರುವ ನೀರಿನ ಜಿಐ ಪೈಪಿನ ತುಂಡಿಗೆ ಕೈಹಾಕುವುದು ಸಹಜ, ಏಕೆಂದರೆ ಕೊಳವೆಬಾವಿ ಇರುವ ಕಡೆ ಅದಕ್ಕೆ ಬರವಿಲ್ಲ. ಆದರೆ ನೀರಿನ ಪೈಪನ್ನು ಒಳಹರವಿನ ಅಂದಾಜಿನಿಂದಲೂ ಹೊಗೆಯ ಪೈಪನ್ನು ಹೊರವ್ಯಾಸದಿಂದಲೂ ಕರೆಯುವುದು ರೂಢಿಯಾದ್ದರಿಂದ, ‘ಒಂದೂವರೆ ಇಂಚು’ ಎಂದು ಎರಡನ್ನೂ ತಂದವನ ಕೈಯಲ್ಲಿ ಒಂದರ ಹೊರವ್ಯಾಸ 48.3 ಮಿಲಿಮೀಟರ್ ಇದ್ದರೆ ಇನ್ನೊಂದರದು 38.1 ಮಿಲಿಮೀಟರ್ ಇರುತ್ತದೆ. ಮಧ್ಯಮ ದರ್ಜೆಯ ಜಿಐ ಪೈಪಿನ ಗೋಡೆ 3.2 ಮಿಲಿಮೀಟರ್ ದಪ್ಪವಿರುವುದರಿಂದ ಹೊಗೆಯ ಪೈಪು ಅದರೊಳಗೆ ತೂರುವುದೇನೋ ನಿಜ, ಆದರೆ ಸುತ್ತಲೂ ಸುಮಾರು ಎರಡು ಮಿಲಿಮೀಟರ್ ಸಂದು ಉಳಿಯುತ್ತದೆ. ಆ ಸಂದನ್ನು ಬರಿಯ ವೆಲ್ಡಿಂಗ್ ಕಡ್ಡಿ ಕರಗಿಸಿ ತುಂಬುವುದು ನೋಡಲು ಗಟ್ಟಿ, ಬಾಳಿಕೆಯಲ್ಲಿ ದುರ್ಬಲ. ಜಿಐ ಪೈಪು ಮೀಟರಿಗೆ ಮೂರೂವರೆ ಕಿಲೋ ತೂಗಿದರೆ ಒಂದೂವರೆ ಮಿಲಿಮೀಟರ್ ಗೋಡೆಯ ಹೊಗೆಯ ಪೈಪು ಒಂದೂವರೆ ಕಿಲೋವನ್ನೂ ಮುಟ್ಟುವುದಿಲ್ಲ. ಹೆಚ್ಚಿನ ಭಾರವೆಲ್ಲ ನೇತುಹಾಕುವ ರಬ್ಬರುಗಳ ಮೇಲೆ ಬೀಳುತ್ತದೆ. ಇದಕ್ಕಿಂತ ದೊಡ್ಡ ಕೆಡುಕು ಜಿಐ ಪೈಪಿನ ಮೇಲಿರುವ ಸತುವಿನ ಲೇಪನದ್ದು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕಾದರೆ ಸತುವು 907 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ, ಆ ಬಿಳಿಹೊಗೆಯನ್ನು ಕುಡಿದ ವೆಲ್ಡರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ, ಬೆಸುಗೆಯೂ ಗುಳ್ಳೆಗುಳ್ಳೆಯಾಗುತ್ತದೆ. ಜಿಐ ಪೈಪನ್ನು ನೀರಿಗೇ ಬಿಡುವುದು ಲೇಸು.

ವ್ಯಾಸಗಳು ಬೇರೆಯಾಗಿರುವ ಎರಡು ಹೊಗೆಯ ಪೈಪುಗಳನ್ನು ಸೇರಿಸುವ ಸರಿಯಾದ ಕ್ರಮವೆಂದರೆ ನಡುವೆ ಒಂದು ಶಂಕುವಿನಾಕಾರದ ತುಂಡನ್ನು ಇಡುವುದು. ಒಂದೂವರೆ ಇಂಚಿನ ಒಳಹರವಿನಿಂದ ಎರಡು ಇಂಚಿಗೆ ಹೋದಾಗ ಅನಿಲದ ದಾರಿ ಸುಮಾರು ಮುಕ್ಕಾಲು ಪಾಲು ಹಿಗ್ಗುತ್ತದೆ. ಈ ಹಿಗ್ಗುವಿಕೆ ಒಮ್ಮೆಲೇ ಆದರೆ ಹರಿವು ಗೋಡೆಯಿಂದ ಬಿಟ್ಟು ಸುಳಿಯಾಗುತ್ತದೆ, ಐದು ಸೆಂಟಿಮೀಟರ್ ಉದ್ದದ ಶಂಕು ಅದನ್ನು ನಯವಾಗಿ ಹರಡುತ್ತದೆ. ಅಳತೆಯ ಅಂತರ ಒಂದೆರಡು ಮಿಲಿಮೀಟರ್ ಮಾತ್ರವಾದರೆ ಒಂದರ ಬಾಯಿಯನ್ನು ಹಿಗ್ಗಿಸಿ, ಉದ್ದಕ್ಕೆ ಸೀಳಿ, ಇನ್ನೊಂದನ್ನು ತೂರಿಸಿ ಪಟ್ಟಿ ಬಿಗಿದರೂ ಸಾಕು. ಆಗ ಎಂಜಿನ್ ಕಡೆಯ ಪೈಪೇ ಒಳಗೆ ಹೋಗಬೇಕು. ತಿರುಗುಮುರುಗಾದರೆ ಅನಿಲ ನೇರವಾಗಿ ಅಂಚಿಗೆ ಬಡಿದು ಸಂದಿಯಿಂದ ಹೊರಬೀಳುತ್ತದೆ.

ಮ್ಯಾನಿಫೋಲ್ಡಿಗೇ ಪೈಪನ್ನು ಬೆಸೆಯುವ ಯೋಚನೆ ಬೇರೆಯೇ ತೊಡಕು. ಎರಕದ ಕಬ್ಬಿಣ ಎಂಥದ್ದು ಎಂಬುದನ್ನು ಈ ಸೀಮೆಗೆ ಹೊಸದಾಗಿ ಹೇಳಬೇಕಾಗಿಲ್ಲ: ಕೆಮ್ಮಣ್ಣುಗುಂಡಿಯ ಅದಿರನ್ನು ತಂದು 1923ರಲ್ಲಿ ಕಬ್ಬಿಣ ತೆಗೆಯಲಾರಂಭಿಸಿದ ಭದ್ರಾವತಿಯ ಕಾರ್ಖಾನೆ ತರೀಕೆರೆಯ ನೆರೆಯಲ್ಲೇ ಇದೆ, ಎರಕದ ಪೈಪುಗಳೂ ಅಲ್ಲಿ ತಯಾರಾದವು. ಈ ಕಬ್ಬಿಣದಲ್ಲಿರುವ ಎರಡರಿಂದ ನಾಲ್ಕು ಪ್ರತಿಶತ ಇಂಗಾಲವು ಬೆಸುಗೆಯ ಪಕ್ಕದ ಲೋಹವನ್ನು ಪೆಡಸಾಗಿಸುವುದರಿಂದ, ಮೊದಲೇ ಕಾಯಿಸಿ ನಿಕ್ಕಲ್ ಕಡ್ಡಿ ಬಳಸದಿದ್ದರೆ ಆರುವಾಗಲೇ ಬಿರುಕು ಬಿಡುತ್ತದೆ. ಹೊಸ ಮ್ಯಾನಿಫೋಲ್ಡಿನ ಬಾಯಿಗೆ ಒಪ್ಪುವ ಉಕ್ಕಿನ ಫ್ಲ್ಯಾಂಜನ್ನು ಕತ್ತರಿಸಿ ಅದಕ್ಕೆ ಪೈಪನ್ನು ಬೆಸೆದು, ಬೋಲ್ಟಿನಿಂದ ಸೇರಿಸುವುದು ಅಗ್ಗವೂ ಹೌದು, ಬಿಚ್ಚಲು ಸುಲಭವೂ ಹೌದು.

ಇಷ್ಟಾದರೂ ಪೈಪು ಮುರಿಯುತ್ತದೆ, ಮುರಿದಾಗ ಬೈಗುಳ ವೆಲ್ಡರಿಗೆ. ದೋಷ ಹೆಚ್ಚಾಗಿ ಬೆಸುಗೆಯದ್ದಲ್ಲ, ಚಲನೆಗೆ ಎಡೆ ಬಿಡದ ಜೋಡಣೆಯದ್ದು. ರಬ್ಬರಿನ ಮೇಲೆ ಕುಳಿತ ಎಂಜಿನ್ ಪ್ರತಿ ಬಾರಿ ವೇಗ ಹೆಚ್ಚಿಸಿದಾಗಲೂ ಹೊರಳುತ್ತದೆ, ಚಾಸಿ ಹೊರಳುವುದಿಲ್ಲ. ಜತೆಗೆ ಲೋಹವೂ ಕಾದು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಸಾಧಾರಣ ಉಕ್ಕಿನ ಪೈಪು 400 ಡಿಗ್ರಿ ಕಾದರೆ ಸುಮಾರು ಐದು ಮಿಲಿಮೀಟರ್ ಬೆಳೆಯುತ್ತದೆ, 304 ದರ್ಜೆಯ ಸ್ಟೇನ್‌ಲೆಸ್ ಪೈಪು ಏಳರಷ್ಟು. ಗುಜರಿಯಿಂದ ತಂದ ಸ್ಟೇನ್‌ಲೆಸ್ ತುಂಡನ್ನು ಹಳೆಯ ಉಕ್ಕಿಗೆ ಬೆಸೆದಾಗ ಈ ವ್ಯತ್ಯಾಸವೆಲ್ಲ ಬೆಸುಗೆಯ ಗೆರೆಯ ಮೇಲೆ ನಿಲ್ಲುತ್ತದೆ, ಹಳ್ಳ ದಾಟುವಾಗ ಕಾದ ಪೈಪಿಗೆ ತಣ್ಣೀರು ಬಿದ್ದರೆ ಕೇಳುವುದೇ ಬೇಡ. ಆದ್ದರಿಂದ ಮೊದಲ ಪೈಪಿನ ನಂತರ ಸುಕ್ಕುಗಟ್ಟಿದ ತೆಳುಲೋಹದ ಬಾಗುವ ತುಂಡನ್ನೋ, ಸ್ಪ್ರಿಂಗ್ ಬೋಲ್ಟುಗಳಿರುವ ಗೋಳಾಕಾರದ ಕೀಲನ್ನೋ ಇಡಬೇಕು, ಉಳಿದದ್ದನ್ನು ರಬ್ಬರಿನಲ್ಲಿ ತೂಗುಹಾಕಬೇಕು, ಎಲ್ಲವನ್ನೂ ಗಾಡಿಯ ಮೇಲೆಯೇ ಚುಕ್ಕೆಬೆಸುಗೆಯಲ್ಲಿ ಹಿಡಿಸಿ ನೋಡಿದ ಮೇಲೆ ಕೆಳಗಿಳಿಸಿ ಪೂರ್ತಿ ಬೆಸೆಯಬೇಕು.

ಕಾನೂನು ಈ ಕೆಲಸವನ್ನು ಎರಡಾಗಿ ನೋಡುತ್ತದೆ. ಸೈಲೆನ್ಸರ್ ಇರಲೇಬೇಕೆಂದೂ, ಹೊಗೆಯ ಪೈಪು ಇಂಧನದ ಕೊಳವೆಯಿಂದ 35 ಮಿಲಿಮೀಟರಿಗಿಂತ ಹತ್ತಿರ ಇರಕೂಡದೆಂದೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಇದನ್ನು ಪಾಲಿಸಿದ ದುರಸ್ತಿಗೆ ಅಡ್ಡಿಯಿಲ್ಲ. ಎಂಜಿನ್ನನ್ನೇ ಬದಲಿಸಿದಾಗ ಮಾತ್ರ 1988ರ ಕಾಯ್ದೆಯ 52ನೇ ಕಲಮು ಎದುರಾಗುತ್ತದೆ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಪೂರ್ತಿಯಾಗಿ ಕೈಯಲ್ಲೇ ಕಟ್ಟಿದ ಕಾರುಗಳು ಕರ್ನಾಟಕದಲ್ಲಿ ಬಾಳುವುದು ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳ ಸ್ಪರ್ಧೆಯ ಅಂಕಣಗಳಲ್ಲೇ ಹೊರತು ಹೆದ್ದಾರಿಯಲ್ಲಲ್ಲ.

ಜೋಡಣೆ ಮುಗಿದ ಮೇಲೆ ಸೋರಿಕೆಯನ್ನು ಪರೀಕ್ಷಿಸದೆ ಗಾಡಿಯನ್ನು ಹೊರಡಿಸಬಾರದು, ಏಕೆಂದರೆ ಕೂರುವ ಜಾಗದ ಕೆಳಗೆ ಸೋರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಣ್ಣಗಿರುವಾಗ ಬಾಲದ ಪೈಪಿನಿಂದ ಬ್ಲೋವರ್ ಗಾಳಿ ಊದಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ಕೆಲವು ದಿನ ಓಡಿಸಿದ ಮೇಲೆ ಅಲ್ಲಿ ಮಸಿಯ ಗೆರೆ ಮೂಡುವುದೂ ಅದೇ ಸೂಚನೆ. ಮೊದಲ ಓಟದಲ್ಲಿ ಗ್ಯಾಸ್ಕೆಟ್ ಕಾದು ಕುಗ್ಗುವುದರಿಂದ, ಎಂಜಿನ್ ಪೂರ್ತಿ ಆರಿದ ಬಳಿಕ ಫ್ಲ್ಯಾಂಜಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಬೇಕಾಗುತ್ತದೆ.