ಚಳಿಗಾಲದ ಮನೆಪಾಠ



ನಮ್ಮ ಮದ್ದೂರಿನ ಕಡೆ ಶಾಲೆಯಲ್ಲಿ ತೆಲುಗು ಕಲಿಯುವ ಮಗುವಿಗೆ ಕನ್ನಡದ ಓದು ಮನೆಯಲ್ಲೇ ಸಿಗಬೇಕು. ಕನ್ನಡ ಕ್ರೈಸ್ತ ಮನೆಗಳಲ್ಲಿ ಇದಕ್ಕೊಂದು ಹಳೆಯ ರೂಢಿಯಿದೆ. ಸಂಜೆ ಪ್ರಾರ್ಥನೆಗೆ ಕುಳಿತಾಗ ಅಜ್ಜಿಯಿಂದ ಮೊಮ್ಮಗುವಿನವರೆಗೆ ಸರದಿಯಂತೆ ಒಂದೊಂದು ವಚನ ಓದುತ್ತಾರೆ. ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಪಕ್ಕದವರು ಬಿಡಿಸಿ ಹೇಳುತ್ತಾರೆ. ಪೂರ್ಣ ಕನ್ನಡ ಬೈಬಲ್ 1831ರಲ್ಲೇ ಬಂದಿತ್ತು, ಪುಸ್ತಕಕ್ಕೆ ಕೊರತೆಯಿಲ್ಲ.

ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ. ಒಂದೇ ಕಂಬಳಿಯಲ್ಲಿ ಒತ್ತಿ ಕುಳಿತರೆ ಪಾಠ ಇನ್ನೂ ಹಿತ. ಕ್ರಿಸ್‌ಮಸ್ ಹಾಡನ್ನು ಮಕ್ಕಳು ನೋಡಿ ಬರೆದುಕೊಂಡರೆ ಅದೇ ಕಾಪಿ ಬರಹ. ತೆಲುಗು ಬಲ್ಲವರಿಗೆ ಹೆಚ್ಚಿನ ಅಕ್ಷರಗಳು ಗುರುತಿನವೇ. ಕ, ತ, ಶ ಮೊದಲಾದ ಕೆಲವನ್ನು ಬೇರೆಯಾಗಿ ತಿದ್ದಿಸಬೇಕು.

ನಿಮ್ಮ ಮನೆದೇವರು ಯಾರೇ ಇರಲಿ, ಊಟಕ್ಕೆ ಮುಂಚೆ ಒಂದು ಕನ್ನಡ ಪುಸ್ತಕವನ್ನು ಸರದಿಯಂತೆ ಓದಿಸಿ. ಇಲ್ಲವಾದರೆ ಅಜ್ಜಿ ಬರೆದ ಕಾಗದವನ್ನು ನಾಳೆ ಮೊಮ್ಮಗನೇ ಓದಲಾರ.